ಮೂರು ಹೃದಯದವಳ ಆಯಸ್ಸು

ಬಹಳ ಹಿಂದೆ, ಕಡಲು ಊರಿನ ಹೊಸ್ತಿಲಿಗೇ ಬರುತ್ತಿದ್ದ ಕಾಲದಲ್ಲಿ, ಶಂಖವತಿ ಎಂಬ ರಾಜ್ಯವಿತ್ತು. ಅಲ್ಲಿನ ಕಟ್ಟಳೆ ಕೇಳಿದರೆ ನಿಮಗೂ ಮೈ ಉರಿಯುತ್ತದೆ. ತಮ್ಮ ಏಳು ತಲೆಮಾರಿನ ಹೆಸರು ಹೇಳಬಲ್ಲವರಷ್ಟೇ ಪ್ರಜೆಗಳು. ಹೇಳಲಾರದ್ದೆಲ್ಲ ಬರೀ ವಸ್ತು, ಕಡಿಯಬಹುದು, ಬೇಯಿಸಬಹುದು.

ದೊರೆ ದೀರ್ಘಬಾಹುವಿಗೆ ಅರವತ್ತಾಗಿತ್ತು, ಸಾಯುವ ಮನಸ್ಸಿರಲಿಲ್ಲ. ಜಟಿಲಾಕ್ಷನೆಂಬ ಮಾಂತ್ರಿಕ ಅವನ ಕಿವಿಯೂದಿದ: ಕಡಲಿನ ಎಂಟು ಕೈಯ ಪ್ರಾಣಿ ಅಷ್ಟಪದಿಗೆ ಮೂರು ಹೃದಯ, ಅವುಗಳ ಕಷಾಯ ಕುಡಿದರೆ ಮೂರು ಪಟ್ಟು ಆಯಸ್ಸು. ಸರಿ, ಭಟರು ಓಡಿದರು. ಬಂಡೆಯ ಸಂದಿಯಲ್ಲಿ ಒಡಕು ಮಡಕೆಯೊಳಗೆ ಮೊಟ್ಟೆ ಕಾಯುತ್ತಿದ್ದ ತಾಯಿ ಅಷ್ಟಪದಿಯನ್ನು ಮಡಕೆಯ ಸಮೇತ ತೊಟ್ಟಿಗೆ ಹಾಕಿ ತಂದರು.

ಅವರ ಹಿಂದೆಯೇ ಬಂದವಳು ಬೊಮ್ಮಕ್ಕ. ಆ ಬಂಡೆಯ ಮೇಲೆ ಕಪ್ಪೆಚಿಪ್ಪು ಹೆಕ್ಕಿ ಬದುಕುವವಳು, ಆ ಎಂಟು ಕೈಯವಳನ್ನು ಚೆನ್ನಾಗಿ ಬಲ್ಲವಳು. ಮೊಟ್ಟೆಗಳಿಗೆ ಸದಾ ನೀರಾಡದಿದ್ದರೆ ಕೊಳೆಯುತ್ತವೆಂದು ತೊಟ್ಟಿಗೆ ಕೈಯಿಟ್ಟು ನೀರು ಬೀಸುತ್ತಲೇ ದೊರೆಗೆ ಹೇಳಿದಳು, ಇವಳಿಗೆ ಬುದ್ಧಿಯಿದೆ, ಬೇಕಾದರೆ ಪರೀಕ್ಷಿಸಿ ಎಂದು.

ಮಾಂತ್ರಿಕ ನಕ್ಕು, ಮುಚ್ಚಳ ತಿರುಗಿಸಿ ಬಿಗಿದ ಭರಣಿಯೊಳಗೆ ಏಡಿಯಿಟ್ಟು ಕೊಟ್ಟ. ಅಷ್ಟಪದಿ ಮುಚ್ಚಳ ತಿರುಗಿಸಿ ತೆಗೆದಳು. ಅದು ಹಸಿವು, ಬುದ್ಧಿಯಲ್ಲ ಎಂದ.

ಮಂತ್ರದ ಕಲ್ಲುಗೂಡಿನಲ್ಲಿ ಹಾಕಿದ. ಅವಳು ಕಲ್ಲಿನದೇ ಬಣ್ಣವಾಗಿ, ಅಡಿಕೆ ಹೋಗುವಷ್ಟು ತೂತಿನಲ್ಲಿ ನುಸುಳಿ ಬಂದಳು. ಅದು ಮೋಸ ಎಂದ.

ಒಂಬತ್ತು ಆಳುಗಳಿಗೆ ಒಂದೇ ವೇಷ, ಒಂದೇ ಮುಖವಾಡ ಹಾಕಿಸಿ, ತಾನೂ ಹಾಗೇ ನಿಂತು, ನನ್ನನ್ನು ಗುರುತಿಸಲಿ ನೋಡೋಣ ಎಂದ. ಅವಳು ಅವನ ಮುಖಕ್ಕೇ ನೀರು ಚಿಮ್ಮಿದಳು. ಸಭೆ ಗೊಳ್ಳೆಂದಿತು. ಅದು ಕಾಕತಾಳೀಯ ಎಂದುಬಿಟ್ಟ, ನಾಚಿಕೆಗೆಟ್ಟವನು!

"ಇದೆಲ್ಲ ಇರಲಿ. ಏಳು ತಲೆಮಾರು ಹೇಳಲಿ, ಬಿಟ್ಟುಬಿಡುತ್ತೇನೆ," ಎಂದ ದೊರೆ.

ಬೊಮ್ಮಕ್ಕನಿಗೆ ಸಿಟ್ಟು ನೆತ್ತಿಗೇರಿತು.

"ಏಳು ತಲೆಮಾರು ಎಲ್ಲಿಂದ ತರಲಿ? ಮೊಟ್ಟೆ ಒಡೆಯುತ್ತಲೇ ತಾಯಿ ಸಾಯುವ ಕುಲ ಇವರದು. ನಮಗೆ ಉಣ್ಣುವುದನ್ನೂ ಅಮ್ಮ ಕಲಿಸಬೇಕು. ಇವಳಿಗೆ ಯಾರೂ ಕಲಿಸಲಿಲ್ಲ, ತಾನೇ ಕಲಿತಳು. ನಮ್ಮ ಬುದ್ಧಿ ತಲೆಯಲ್ಲಿ, ಇವಳದು ಕೈಕೈಯಲ್ಲೂ. ನಾಳೆ ಚುಕ್ಕಿಗಳಿಂದ ಯಾರಾದರೂ ಇಳಿದು ಬಂದರೆ ಅವರ ಅಜ್ಜನ ಹೆಸರು ಕೇಳಿ ಬೇಯಿಸುತ್ತೀರಾ? ಇರುವುದೇ ಎರಡು ವರ್ಷದ ಆಯಸ್ಸು, ಅದನ್ನೂ ಕಿತ್ತುಕೊಳ್ಳುತ್ತೀರಲ್ಲ!"

ದೊರೆ ನೆಟ್ಟಗೆ ಕೂತ. ಇಷ್ಟು ದಿನ ಹೃದಯ ಎಷ್ಟೆಂದು ಎಣಿಸಿದ್ದರೇ ಹೊರತು, ಆಯಸ್ಸೆಷ್ಟೆಂದು ಆ ರಾಜ್ಯದಲ್ಲಿ ಒಬ್ಬನೂ ಕೇಳಿರಲಿಲ್ಲ. ಎರಡೇ ವರ್ಷವೇ ಎಂದು ಮಾಂತ್ರಿಕನ ಕಡೆ ತಿರುಗಿದ.

"ಸುಳ್ಳು ಒಡೆಯಾ. ನಾನೇ ಗುಟ್ಟಾಗಿ ಒಂದು ಬಟ್ಟಲು ಕುಡಿದಿದ್ದೇನೆ. ಗುಂಡುಕಲ್ಲಿನಂತಿಲ್ಲವೇ?"

"ಕುಡಿದು ಎಷ್ಟು ದಿನವಾಯಿತು?" ಎಂದಳು ಬೊಮ್ಮಕ್ಕ.

"ಇವತ್ತಿಗೆ ಸರಿಯಾಗಿ ಎರಡು..." ಎಂದವನು ಅಲ್ಲಿಗೇ ನಿಂತ. ಯಾರ ಹೃದಯ ಕುಡಿದಿದ್ದನೋ ಅವರ ಆಯಸ್ಸೇ ಅವನಿಗೆ ಸಿಕ್ಕಿತ್ತು. ಮೈ ಬಿಳಿಚಿಕೊಂಡಿತು, ಹಿಂಡಿದ ಬಟ್ಟೆಯಂತೆ ಮುದುಡಿ ನೆಲಕ್ಕೆ ಬಿದ್ದ. ಅಯ್ಯೋ ಎನ್ನಲಿಲ್ಲ ಯಾರೂ. ಮಾಡಿದ್ದುಣ್ಣೋ ಮಹಾರಾಯ!

ದೊರೆ ಆಗಲೇ ಕಟ್ಟಳೆ ರದ್ದುಮಾಡಿದ. ಬೊಮ್ಮಕ್ಕನೊಡನೆ ತೊಟ್ಟಿ ಹೊತ್ತುಕೊಂಡು ಹೋಗಿ, ಮಡಕೆಯನ್ನು ಬಂಡೆಯ ಸಂದಿಗೇ ಇಟ್ಟ. ಹದಿನೈದನೆಯ ದಿನ ಮೊಟ್ಟೆಗಳು ಒಡೆದವು. ಅಕ್ಕಿಕಾಳಿನಷ್ಟು ಮರಿಗಳು ಸಾವಿರಾರು ತೇಲಿ ಹೊರಟವು. ತಾಯಿ ಕೊನೆಯ ಸಲ ನೀರು ಬೀಸಿ, ಬಣ್ಣವೆಲ್ಲ ಬಿಟ್ಟು, ತಣ್ಣಗಾದಳು.

ಇನ್ನೂ ನೂರು ವರ್ಷ ಬೇಕೆಂದಿದ್ದ ದೊರೆ ಮೊಣಕಾಲು ನೀರಿನಲ್ಲಿ ನಿಂತು ಅತ್ತ. ತಬ್ಬಲಿಗಳಿಗೆ ಇನ್ನು ಬದುಕು ಕಲಿಸುವವರು ಯಾರು, ಅರಮನೆಯಿಂದ ಪಂಡಿತರನ್ನು ಕಳಿಸಲೇ ಎಂದು ಕೇಳಿದ.

"ಕಲಿಸುವುದೇನೂ ಬೇಡ ಒಡೆಯಾ," ಎಂದಳು ಬೊಮ್ಮಕ್ಕ. "ಅವರ ತಂಟೆಗೆ ಹೋಗದಿದ್ದರೆ ಸಾಕು."

ಶಂಖವತಿಯವರು ಹೋಗಲಿಲ್ಲ. ಕಡಲೂ ಸುಖವಾಗಿತ್ತು, ನಾಡೂ ಸುಖವಾಗಿತ್ತು.