ಪರದೆಯ ಆಚೆ ಹಿಂದ್ಲೂರು

"ಆ ಮನೆ ಯಾಕೆ ಬರೆದೆ? ಅಳಿಸು," ಅಂದರು ಡ್ರಾಯಿಂಗ್ ಮೇಷ್ಟ್ರು ಉಮೇಶ್ ಸರ್.

ಶಿಲ್ಪಶ್ರೀಯ ಬ್ರಷ್ ಹಾಗೇ ನಿಂತಿತು. "ಚೆನ್ನಾಗಿಲ್ವಾ ಸಾರ್?"

"ಚೆನ್ನಾಗೇನೋ ಇದೆ. ಆದ್ರೆ ಮನೆ ಬೇಡ, ತಿಪ್ಪೆ ಬೇಡ, ಎಮ್ಮೆ ಬೇಡ. ಹಸಿರು ಬಳಿದು ಅದರ ಮೇಲೊಂದು ಜಿಂಕೆ ಬರಿ."

"ನಮ್ಮೂರಲ್ಲಿ ಜಿಂಕೆ ಇಲ್ವಲ್ಲ ಸಾರ್."

"ಬಟ್ಟೆ ಮೇಲಾದ್ರೂ ಇರಲಿ ಬಿಡಮ್ಮ!"

ಐದನೇ ಕ್ಲಾಸಿನವರೆಲ್ಲ ಗೊಳ್ಳೆಂದು ನಕ್ಕರು.

ಅದೇನು ಕರ್ಚೀಫಿನಷ್ಟು ಬಟ್ಟೆಯೇ! ಅರಸೀಕೆರೆಯಿಂದ ಟೆಂಪೋದಲ್ಲಿ ಬಂದಿತ್ತು. ಸ್ಕೂಲಿನ ವರಾಂಡದ ಉದ್ದಕ್ಕೆ ಹಾಸಿ, ಬರೆದಷ್ಟು ಸುತ್ತಿ, ಮತ್ತೆ ಹಾಸಿ, ಮತ್ತೆ ಬರೆದು ಐದು ದಿನವಾಗಿತ್ತು. ಭಾನುವಾರ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುತ್ತಾರೆ. ಚೆಂದದ ಪ್ರವಾಸಿ ಊರಿಗೆ ಪ್ರೈಜ್ ಕೊಡುವವರು ಅವರೇ. ಇದನ್ನು ಸ್ಟೇಜಿನ ಹಿಂದೆ ಕಟ್ಟುತ್ತಾರೆ ಅಂತ ಮಕ್ಕಳು ತಾವೇ ತೀರ್ಮಾನ ಮಾಡಿಕೊಂಡಿದ್ದರು.

ಎಲ್ಲರಿಗಿಂತ ಚೆನ್ನಾಗಿ ಬರೆದವರಿಗೆ ಸಾಹೇಬರ ಜೊತೆ ಬೋಟಿನಲ್ಲಿ ಒಂದು ಸುತ್ತು! ಶಿಲ್ಪಶ್ರೀಗೆ ರಾತ್ರಿ ಕನಸಿನಲ್ಲೂ ಬೋಟೇ. ಅವಳು ಹುಟ್ಟಿದ್ದು ನೀರಿನ ನಡುವೆ. ಬೋಟು ಹತ್ತಿದ್ದು ಒಂದು ಸಲವೂ ಇಲ್ಲ.

ಗಡ್ಡೆಪುರ ಅಂದರೆ ದೊಡ್ಡ ಕೆರೆಯ ನಡುಗಡ್ಡೆಯ ಮೇಲಿರುವ ಊರು. ಬೇಲೂರು, ಹಳೇಬೀಡು ನೋಡಿದವರು ಹಾಗೇ ಇಲ್ಲಿಗೂ ಬರುತ್ತಾರೆ. ಒಂದೇ ಸೇತುವೆ. ಸೇತುವೆ ಮುಟ್ಟುವ ಕಡೆ ಕಲ್ಲಿನ ದೇವಸ್ಥಾನ, ರೆಸಾರ್ಟು, ಐಸ್‌ಕ್ರೀಂ ಅಂಗಡಿ, ಬೋಟು. ಅದು ಮುಂದ್ಲೂರು. ತೆಂಗಿನ ಸಾಲು ದಾಟಿದರೆ ಹಿಂದ್ಲೂರು. ಅಲ್ಲಿ ಕೊಟ್ಟಿಗೆ, ಹುಲ್ಲಿನ ಮೆದೆ, ಒತ್ತೊತ್ತು ಮನೆ. ಮುಂದ್ಲೂರಿಗೆ ದಿನಾ ನಲ್ಲಿ ನೀರು. ಹಿಂದ್ಲೂರಿಗೆ ವಾರಕ್ಕೆರಡು ಸಲ, ಉಳಿದ ದಿನ ಕೆರೆ ಮೆಟ್ಟಿಲೇ ಗತಿ. ಮುಂದ್ಲೂರ ಮಕ್ಕಳು "ಇದೆ" ಅಂತಾರೆ, "ಹಲೋ ಅಂಕಲ್, ಬೋಟಿಂಗ್?" ಅಂತಲೂ ಅಂತಾರೆ. ಹಿಂದ್ಲೂರ ಮಕ್ಕಳು "ಐತೆ" ಅಂದರೆ ಸಾಕು, ಕ್ಲಾಸಿಗೆ ಕ್ಲಾಸೇ ನಗುತ್ತದೆ.

"ಯಾವನಂದಿದ್ದು ಹಿಂದ್ಲೂರು ಅಂತ?" ಮಾದಮ್ಮಜ್ಜಿ ಮೊಮ್ಮಗಳು ಶಿಲ್ಪಶ್ರೀಯ ಮುಂದೆ ಬಯ್ಯುತ್ತಿದ್ದಳು. "ಕೆರೆ ನಮ್ ಬಾಗ್ಲ ಮುಂದೈತೆ. ಹೊತ್ತು ಮುಳುಗೋದೂ ನಮ್ ಬಾಗ್ಲ ಮುಂದೇಯ. ನಮಗೆ ಇದೇ ಮುಂದು ಕಣೇ!"

ಶಿಲ್ಪಶ್ರೀ ಬರೆದಿದ್ದು ಆ ಬಾಗಿಲನ್ನೇ. ಈಗ ಅದರ ಮೇಲೆ ಹಸಿರು ಬಳಿದಳು. ಹಸಿರು ಒಣಗಿದ ಮೇಲೆ ಜಿಂಕೆ ಬರೆದಳು.

"ನಿನ್ ಜಿಂಕೆ ಆಡಿನ ಥರ ಇದೆ," ಅಂದಳು ಸ್ವಾತಿ. ಮುಂದ್ಲೂರಿನ ಬೋಟುಗಳೆಲ್ಲ ಅವಳ ಅಪ್ಪ ಶಿವಪ್ರಕಾಶರವು. "ಮೇಯೋಕೆ ನಿಮ್ ಕಡೆ ಹೋಗುತ್ತೆ, ನೋಡ್ಕೊ."

ಆದರೂ ಸರ್ ಆರಿಸಿದ್ದು ಶಿಲ್ಪಶ್ರೀಯನ್ನೇ.

ಮಾದಮ್ಮಜ್ಜಿಗೆ ಹಿಡಿಸಲಾರದಷ್ಟು ಹಿಗ್ಗು. "ನಾನು ಮೆಟ್ಲ ಮ್ಯಾಲೆ ನಿಂತಿರ್ತೀನಿ ಮಗಾ. ಬೋಟು ಬಂದಾಗ ಕೈ ಬೀಸ್ತೀನಿ. ನೀನೂ ಬೀಸು. ಮರೆತೀಯ ಮತ್ತೆ!"

"ಮರೀತೀನಾ ಅಜ್ಜಿ?"

ಭಾನುವಾರ ಬೆಳಿಗ್ಗೆ ಶಿಲ್ಪಶ್ರೀ ಬಾಗಿಲು ತೆಗೆದರೆ ಕೆರೆಯೇ ಇಲ್ಲ! ಮನೆಗಳ ಮುಂದೆ, ದಡದ ಉದ್ದಕ್ಕೂ ಕಂಬ ನೆಟ್ಟು, ಆಳೆತ್ತರಕ್ಕಿಂತ ಎತ್ತರಕ್ಕೆ ಅದೇ ಬಟ್ಟೆ ಕಟ್ಟಿದ್ದರು. ಶಿವಪ್ರಕಾಶರು ಹಗ್ಗ ಬಿಗಿಸುತ್ತಿದ್ದರು. ಅಜ್ಜಿ ಖಾಲಿ ಬಿಂದಿಗೆ ಹಿಡಿದು ನಿಂತಿದ್ದಳು.

"ಇವತ್ತೊಂದಿನ ಮೆಟ್ಟಿಲ ಕಡೆ ಬರಬೇಡಿ ಅಜ್ಜಿ. ಒಗೆಯೋ ಬಟ್ಟೆ, ಪಾತ್ರೆ, ಎಮ್ಮೆ, ಒಂದೂ ಕಾಣಬಾರದು."

"ನಾವು?" ಅಂದಳು ಅಜ್ಜಿ.

"ನೀವೂ ಅಷ್ಟೇ."

ಅಜ್ಜಿ ಬಟ್ಟೆಯನ್ನು ಮುಟ್ಟಿ ನೋಡಿದಳು. ಈ ಕಡೆ ಚಿತ್ರವಿಲ್ಲ. ಅಲ್ಲಲ್ಲಿ ಬಣ್ಣ ಸೋರಿ ಕಲೆ ಕಲೆಯಾಗಿತ್ತು.

"ಇದೇನಾ ನೀನು ಐದು ದಿನ ಬರೆದಿದ್ದು?"

"ಚಿತ್ರ ಆ ಕಡೆ ಐತಜ್ಜಿ."

"ಓ. ಹಂಗಾರೆ ನಮಗಲ್ಲ ಬಿಡು," ಅಂದಳು ಅಜ್ಜಿ.

ಆದರೆ ಹತ್ತು ಗಂಟೆಗೆ ಬೋಟು. ಯೂನಿಫಾರ್ಮ್ ಇಸ್ತ್ರಿ ಆಗಿತ್ತು. ಶಿಲ್ಪಶ್ರೀ ಓಡಿದಳು.

ಬೋಟಿನಲ್ಲಿ ಕಿತ್ತಲೆ ಬಣ್ಣದ ಜಾಕೆಟ್ ತೊಡಿಸಿದರು. ಸಾಹೇಬರು, ಅವರ ಹೆಂಡತಿ, ಶಿವಪ್ರಕಾಶರು, ಉಮೇಶ್ ಸರ್, ಸ್ವಾತಿ. ಎಲ್ಲರ ನಡುವೆ ಇವಳು. ಗಾಳಿ ಮುಖಕ್ಕೆ ಹೊಡೆಯಿತು, ನೀರು ಹನಿಹನಿಯಾಗಿ ಸಿಡಿಯಿತು. ಸಾಹೇಬರ ಹೆಂಡತಿ ಅವಳ ಜಡೆ ಸರಿಮಾಡಿ, "ಎಷ್ಟು ಚೂಟಿ ಹುಡುಗಿ!" ಅಂದರು. ಶಿಲ್ಪಶ್ರೀಗೆ ಬೆಳಗಿನದೆಲ್ಲ ಮರೆತೇಹೋಯಿತು.

ಬೋಟು ತಿರುಗಿ ಹಿಂದ್ಲೂರಿನ ಕಡೆ ಬಂತು. ಬಿಸಿಲಿಗೆ ಪರದೆ ಹೊಳೆಯುತ್ತಿತ್ತು.

"ವಾವ್! ಈ ಕಡೆ ಜನ ಇಲ್ವಾ?" ಕೇಳಿದರು ಮೇಡಂ.

"ಇಲ್ಲ ಮೇಡಂ. ಪೂರ್ತಿ ತೋಪು," ಅಂದರು ಶಿವಪ್ರಕಾಶರು.

ಶಿಲ್ಪಶ್ರೀ ಉಮೇಶ್ ಸರ್ ಮುಖ ನೋಡಿದಳು. ಸರ್ ನೀರು ನೋಡುತ್ತಿದ್ದರು.

ಆಗ ಜಿಂಕೆಯ ಕಾಲ ಬಳಿ ಪರದೆ ಮೇಲಕ್ಕೆದ್ದಿತು. ಅಡಿಯಿಂದ ಒಂದು ತಲೆ ತೂರಿತು. ಸೆರಗು ಸರಿಮಾಡಿಕೊಳ್ಳುತ್ತಾ ಮಾದಮ್ಮಜ್ಜಿ ಮೆಟ್ಟಿಲ ಮೇಲೆ ನೆಟ್ಟಗೆ ನಿಂತಳು. ಕೈ ಎತ್ತಿ ಬೀಸಿದಳು.

"ಮಗಾ! ಓ ಮಗಾ!"

ಎಷ್ಟು ಹತ್ತಿರ! ಎಲೆಅಡಿಕೆ ತಿಂದು ಕೆಂಪಾದ ಹಲ್ಲು ಕೂಡ ಕಾಣುತ್ತಿತ್ತು.

ಶಿವಪ್ರಕಾಶರ ಮುಖ ಗಂಟಿಕ್ಕಿತು. ಸ್ವಾತಿ ಬಾಯಿಗೆ ಕೈ ಅಡ್ಡ ಇಟ್ಟು ಕಿಸಕ್ಕಂದಳು.

"ಯಾರದು? ನಿನ್ನನ್ನೇ ಕರೀತಿದ್ದಾರಾ? ಗೊತ್ತಾ ನಿಂಗೆ?" ಮೇಡಂ ಕೇಳಿದರು.

ಶಿಲ್ಪಶ್ರೀಯ ಕೈ ಅರ್ಧ ಎದ್ದಿತ್ತು. ಅದು ಅಲ್ಲಿಂದಲೇ ಇಳಿದು ಜಾಕೆಟ್ಟಿನ ಬಕಲ್ ಹಿಡಿದುಕೊಂಡಿತು.

"ಗೊತ್ತಿಲ್ಲ ಮೇಡಂ," ಅಂದಳು. ಮುಂದ್ಲೂರಿನವರ ಹಾಗೆ, ಸ್ಪಷ್ಟವಾಗಿ.

ಬೋಟು ಮುಂದೆ ಸಾಗಿತು. ಅವಳು ತಿರುಗಿ ನೋಡಲಿಲ್ಲ. ಮೇಡಂ ಚಾಕೊಲೇಟ್ ಕೊಟ್ಟರು. ಅವಳು ಥ್ಯಾಂಕ್ಯೂ ಅಂದಳು.

ಸಂಜೆ ಶಿಲ್ಪಶ್ರೀ ಊರೆಲ್ಲ ಸುತ್ತಿ, ಇನ್ನು ಸುತ್ತಲು ಜಾಗವಿಲ್ಲ ಅಂತಾದ ಮೇಲೆ ಮನೆಗೆ ಬಂದಳು. ಅಜ್ಜಿ ಬಾಗಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಪರದೆ ಇನ್ನೂ ಬಿಚ್ಚಿರಲಿಲ್ಲ.

"ಬಂದ್ಯಾ? ಹೆಂಗಿತ್ತು ಬೋಟು?"

"ಚೆನ್ನಾಗಿತ್ತು."

"ನಾನೂ ಬಂದಿದ್ದೆ. ಕೈ ಬೀಸ್ದೆ. ನಿಂಗೆ ಕಂಡಿರಕ್ಕಿಲ್ಲ ಬಿಡು. ದೂರ ಇತ್ತು."

ಹೂಂ ಅಂದಿದ್ದರೆ ಮುಗಿದಿತ್ತು. ಶಿಲ್ಪಶ್ರೀ ಹೂಂ ಅನ್ನಲು ಬಾಯಿಯನ್ನೂ ತೆರೆದಳು.

"ದೂರ ಇರಲಿಲ್ಲಜ್ಜಿ," ಅಂತು ಬಾಯಿ.

ಅಜ್ಜಿಯ ಬೆರಳು ನಿಂತವು. ಒಂದು ಗಳಿಗೆ ಅಷ್ಟೇ. ಮತ್ತೆ ಇನ್ನೊಂದು ಕಾಯಿ ತೆಗೆದುಕೊಂಡು ಸುಲಿದಳು.

"ಗೊತ್ತು ಕಣೇ. ನೀರ್ ಮ್ಯಾಲೆ ಮಾತು ಬಲು ಬೇಗ ಬತ್ತೈತೆ."

ಶಿಲ್ಪಶ್ರೀ ಹೊಸ್ತಿಲ ಮೇಲೆ ಕೂತಳು. ಹಾಗಾದರೆ ಕೇಳಿಸಿತ್ತು. ಕೇಳಿಸಿಯೂ, ಇಷ್ಟು ಹೊತ್ತು ಕಾದು ಕೂತು, ದೂರ ಇತ್ತು ಅಂತ ಅಜ್ಜಿಯೇ ಅಂದಿದ್ದಳು.

ಅಜ್ಜಿ ಬಯ್ಯಲಿಲ್ಲ. ತಲೆ ಸವರಲೂ ಇಲ್ಲ. ಮೊರವನ್ನು ಒಂದಿಷ್ಟು ಈ ಕಡೆ ದೂಡಿದಳು. ಶಿಲ್ಪಶ್ರೀ ಒಂದು ಕಾಯಿ ಎತ್ತಿಕೊಂಡಳು. ಅದರ ನಾರು ಬಿಡಿಸಲು ಅವಳಿಗೆ ತುಂಬಾ ಹೊತ್ತು ಹಿಡಿಯಿತು.