ಫ್ರೀಜರಿನಲ್ಲಿ ನೂರಾ ಅರವತ್ತು ಮರಿಗಳು

ಹನ್ನೆರಡನೇ ತಾರೀಕು, ಬೆಳಿಗ್ಗೆ ಒಂಬತ್ತು ನಲವತ್ತು. ಠಾಣೆಗೆ ಬಂದ ಟೈಲರಮ್ಮ, ತಾನು ಸಾಕಿದ್ದ ಜೇಡದ ಮರಿಗಳನ್ನು ಯಾರೋ ಕೊಂದಿದ್ದಾರೆಂದು ದೂರು ಕೊಟ್ಟರು.

"ನಮ್ಮನೇಲಿ ಪೊರಕೆ ಹಿಡಿದು ದಿನಾ ಮಾಡೋ ಕೊಲೆ," ಎಂದು ಪೇದೆ ಕಿಸಕ್ಕೆಂದ. ಇನ್‌ಸ್ಪೆಕ್ಟರ್ ದುರುಗುಟ್ಟಿ ನೋಡಿದರು.

"ಟರಾಂಟುಲಾ ಸಾರ್, ಅಂಗೈ ಅಗಲ ಬೆಳೆಯೋದು. ನಾಲ್ಕು ವರ್ಷ ಕಾದ ಮೇಲೆ ಮೊಟ್ಟೆ ಇಟ್ಟಿತ್ತು. ನಿನ್ನೆ ಗಿರಾಕಿ ಮನೇಲಿ ಅಳತೆ ತಗೊಂಡು ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು."

ಎಫ್‌ಐಆರ್ ಆಯಿತು. ಹನ್ನೊಂದಕ್ಕೆ ಪಂಚನಾಮೆ. ಬೀಗ ಒಡೆದಿರಲಿಲ್ಲ. ಅಡುಗೆಮನೆಯ ಫ್ರೀಜರಿನಲ್ಲಿ ನೂರಾ ಅರವತ್ತು ಪುಟ್ಟ ಡಬ್ಬಿಗಳು, ಅಂಗಡಿಯಲ್ಲಿಟ್ಟಂತೆ ಸಾಲಾಗಿ. ಒಂದೊಂದರಲ್ಲೂ ಮುದುಡಿದ ಒಂದೊಂದು ಮರಿ.

"ಕಳ್ಳ ಇಷ್ಟು ಅಚ್ಚುಕಟ್ಟಾಗಿ ಜೋಡಿಸ್ತಾನೇನಮ್ಮಾ?" ಎಂದರು ಇನ್‌ಸ್ಪೆಕ್ಟರ್.

ಟೈಲರಮ್ಮ ಒಂದು ಡಬ್ಬಿ ಕೈಗೆತ್ತಿಕೊಂಡರು. "ಹೀಗೆ ಮಾಡೋರು ನಾವೇ ಸಾರ್, ಜೇಡ ಸಾಕೋರು. ಎರಡು ಜಾತಿ ಬೆರೆತು ಮರಿ ಆದ್ರೆ ಹೊರಗೆ ಬಿಡಬಾರದು, ತಣ್ಣಗೆ ಮಲಗಿಸಿಬಿಡಬೇಕು. ಆದ್ರೆ ನನ್ನವು ಬೆರಕೆ ಅಲ್ಲ!"

"ಗಂಡು ಜೇಡ ಯಾರದು?"

"ನನ್ನ ತಮ್ಮ ಕೊಟ್ಟಿದ್ದ."

"ಮನೆ ಕೀಲಿ ಇನ್ಯಾರ ಹತ್ರ ಇದೆ?"

ಟೈಲರಮ್ಮ ಡಬ್ಬಿಯನ್ನು ಮತ್ತೆ ಸಾಲಿಗಿಟ್ಟರು. "ಅವನ ಹತ್ರಾನೇ."

ಮಧ್ಯಾಹ್ನ ಮೂರೂಕಾಲಿಗೆ ತಮ್ಮನ ಗಡಿಯಾರ ರಿಪೇರಿ ಅಂಗಡಿ. ಮೇಜಿನ ಮೇಲಿನ ಭೂತಗನ್ನಡಿಯ ಕೆಳಗೆ ಜೇಡ ಕಳಚಿದ ಒಣ ಪೊರೆಯೊಂದಿತ್ತು.

"ಆ ಗಂಡಿಂದಾ?"

"ಹೂಂ. ಎರಡು ಗಂಡಿದ್ವು, ನೋಡೋಕೆ ಅಚ್ಚು ಒಂದೇ. ಡಬ್ಬಿಗೆ ಚೀಟಿ ನಾನೇ ಕಣ್ತಪ್ಪಿ ಅದಲುಬದಲು ಅಂಟಿಸಿದ್ದೆ. ಮೊನ್ನೆ ಈ ಪೊರೆ ನೋಡ್ದಾಗ ಗೊತ್ತಾಯ್ತು, ಬೇರೆ ಜಾತಿ."

"ಅಕ್ಕನಿಗೆ ಹೇಳೋಕೇನು ಧಾಡಿ?"

"ಯಾವ ಬಾಯಲ್ಲಿ ಹೇಳ್ಲಿ? ನಾಲ್ಕು ವರ್ಷ ಬಸುರಿ ನೋಡಿಕೊಂಡ ಹಾಗೆ ನೋಡಿಕೊಂಡ್ಲು. ಯಾರೋ ಕಳ್ಳನಿಗೆ ಶಾಪ ಹಾಕಿ ಸುಮ್ಮನಾಗ್ತಾಳೆ ಅಂದ್ಕೊಂಡೆ." ಅವನು ತಲೆ ಎತ್ತಿದ. "ಮರಿಗಳನ್ನ ತುಳಿದು ಹಾಕಿದ್ರೆ ನಾನು ಸಿಗ್ತಿರ್ಲಿಲ್ಲ ಅಲ್ವಾ ಸಾರ್?"

"ಸಿಗ್ತಿರ್ಲಿಲ್ಲ."

"ಕಾಲು ಬರ್ಲಿಲ್ಲ."

ನಾಲ್ಕು ಹತ್ತಕ್ಕೆ ದಸ್ತಗಿರಿ. ಅಕ್ಕ ಓಡಿ ಬಂದು ದೂರು ವಾಪಸ್ ಕೊಡಿ ಎಂದು ಅತ್ತರು. ಬರೆದ ಎಫ್‌ಐಆರ್ ಹರಿದು ಹಾಕುವುದು ಇನ್‌ಸ್ಪೆಕ್ಟರ ಕೈಯಲ್ಲಿರಲಿಲ್ಲ.

ಲಾಕಪ್ಪಿನ ಕಂಬಿ ಹಿಡಿದು ತಮ್ಮ ಕೇಳಿದ್ದು ಜಾಮೀನನ್ನಲ್ಲ. "ಹೋದ ವಾರ ನಲವತ್ತು ಮರಿ ಮಾರಿದ್ದಾಳೆ ಸಾರ್. ಅವನ್ನ ತರಿಸಿ. ಬೆಳೆದು ಬೇರೆ ಜೇಡಗಳ ಜೊತೆ ಬೆರೆತರೆ ಮುಗೀತು, ಆಮೇಲೆ ಯಾವುದು ಅಸಲಿ ಅಂತ ಯಾರಿಗೂ ಗೊತ್ತಾಗಲ್ಲ."

ಅದಕ್ಕೆ ಕಾನೂನಿನಲ್ಲಿ ಯಾವ ಕಲಮೂ ಇರಲಿಲ್ಲ. ಆದರೂ ಇನ್‌ಸ್ಪೆಕ್ಟರ್ ಮರಿ ಕೊಂಡವರ ಟೈಲರಮ್ಮನ ಪಟ್ಟಿಯಲ್ಲಿದ್ದ ಮೊದಲ ನಂಬರಿಗೆ ಫೋನ್ ಮಾಡಿ ವಿಷಯ ಹೇಳಿದರು.

"ಬೆರಕೆನಾ? ಇರಲಿ ಬಿಡಿ ಸಾರ್," ಎಂದಿತು ಆ ಕಡೆಯ ದನಿ. "ಚೆನ್ನಾಗಿ ತಿಂತಿದೆ. ಹೆಣ್ಣಾದ್ರೆ ಮರಿ ಮಾಡಿಸ್ತೀನಿ."