ರೆಕ್ಕೆಯಂಚಿನ ನೀಲಿ

ಅವನು ಅಂಗಡಿಯೊಳಗೆ ಕಾಲಿಟ್ಟಾಗ ನಾನು ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದೆ.

ಅಪ್ಪ ನಲವತ್ತು ವರ್ಷಗಳಿಂದ ಅಕ್ವೇರಿಯಂನಲ್ಲಿ ಸಾಕುವ ಸಮುದ್ರದ ಮೀನು ಮಾರುವವರು. ಅದರಲ್ಲೂ ಹವಳದ ದಿಬ್ಬಗಳಲ್ಲಿ ಬದುಕುವ ಬಣ್ಣಬಣ್ಣದ ರಾಸ್ ಮೀನುಗಳೆಂದರೆ ಪ್ರಾಣ. ಅವುಗಳನ್ನು ಗುರುತಿಸುವುದು ಎಲ್ಲರಿಗೂ ಆಗುವ ಮಾತಲ್ಲ. ಮರಿಯಾಗಿದ್ದಾಗ ಒಂದು ಬಣ್ಣ, ಬೆಳೆದ ಮೇಲೆ ಇನ್ನೊಂದು. ಹೆಣ್ಣಾಗಿದ್ದದ್ದು ಗಂಡಾಗುವುದೂ ಉಂಟು. ಅಪ್ಪ ಒಂದು ಮೀನಿನ ಹೆಸರು ಹೇಳಿದರೆ ಯಾರೂ ಎರಡು ಮಾತಾಡುತ್ತಿರಲಿಲ್ಲ. ಈಗ ಗಿರಾಕಿಯೊಬ್ಬರು, ಅಪರೂಪದ್ದೆಂದು ಹೇಳಿ ಮಾಮೂಲಿ ಮೀನು ಕೊಟ್ಟಿದ್ದಾರೆಂದು ವರ್ತಕರ ಸಂಘಕ್ಕೆ ದೂರು ಕೊಟ್ಟಿದ್ದರು. ಮೀನೂ ವಾಪಸ್ ಬಂದಿತ್ತು. ಅದನ್ನು ಪರೀಕ್ಷಿಸಲು ಸಂಘದವರು ಕಳಿಸಿದ ಮ್ಯೂಸಿಯಂನ ತಜ್ಞ ಇವನು.

“ನಮ್ಮಪ್ಪ ಮೋಸಗಾರರಲ್ಲ,” ಎಂದೆ.

“ನಾನಿನ್ನೂ ನಮಸ್ಕಾರ ಕೂಡ ಹೇಳಿಲ್ಲ,” ಎಂದ ಅವನು. “ಒಂದು ಕುರ್ಚಿ ಸಿಗುತ್ತಾ? ಮೀನು ನನ್ನನ್ನ ನಂಬೋಕೆ ಒಂದೆರಡು ದಿನ ಬೇಕು. ನಿಮಗೆ ಅದಕ್ಕಿಂತ ಜಾಸ್ತಿ ಬೇಕಾಗುತ್ತೆ ಅಂತ ಕಾಣುತ್ತೆ.”

ಮೀನು ಕಲ್ಲಿನ ಹಿಂದೆ ಅವಿತುಕೊಂಡಿತ್ತು. ಅವನು ಎರಡು ದಿನ ಟ್ಯಾಂಕಿನ ಮುಂದೆ ಅಲುಗಾಡದೆ ಕೂತ. ನಾನು ಅವನ ಪಕ್ಕದ ಟ್ಯಾಂಕನ್ನೇ ಮತ್ತೆ ಮತ್ತೆ ಒರೆಸಿದೆ.

“ಇನ್ನೂ ಉಜ್ಜಿದ್ರೆ ಗಾಜು ಸವೆದು ಹೋಗುತ್ತೆ.”

“ನಮ್ಮ ಅಂಗಡಿ, ನಮ್ಮ ಗಾಜು. ನೀವು ಮೀನು ನೋಡಿ.”

ನೋಡುತ್ತಲೇ ಇದ್ದ. ಆದರೆ ಗಾಜಿನೊಳಗಿನ ಪ್ರತಿಬಿಂಬದಲ್ಲಿ ಅವನ ತುಟಿಯಂಚು ನಗುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಮೀನು ಹೊರಗೆ ಬಂತು. ಅವನು ಗಾಜಿಗೆ ಪುಟ್ಟ ಕನ್ನಡಿ ಹಿಡಿದ. ಎದುರಿಗೆ ಇನ್ನೊಂದು ಗಂಡು ನಿಂತಿದೆಯೆಂದುಕೊಂಡ ಮೀನು ರೆಕ್ಕೆಗಳನ್ನೆಲ್ಲ ಬಿಚ್ಚಿ ಬೀಗಿತು.

“ಯಜಮಾನರೇ, ಬೆನ್ನಿನ ರೆಕ್ಕೆ ಅಂಚು ಯಾವ ಬಣ್ಣ?”

ಅಪ್ಪ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು. “ಬಣ್ಣ ಎಲ್ಲಿದೆ? ಖಾಲಿ ಅಂಚು. ಅದಕ್ಕೇ ಅಪರೂಪದ್ದು ಅಂದಿದ್ದು.”

ನನಗೆ ದಾರದಷ್ಟು ಸಣ್ಣ ನೀಲಿ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ನೀಲಿ ಅಂಚಿದ್ದರೆ ಮೀನು ಮಾಮೂಲಿಯೇ. ಅವನು ನನ್ನ ಮುಖ ನೋಡಿದ, ಅಪ್ಪನಿಗೆ ಏನೂ ಹೇಳಲಿಲ್ಲ.

ಉಪ್ಪಿನ ಚೀಲಗಳಿದ್ದ ಹಿಂದಿನ ಕೋಣೆಯಲ್ಲಿ ಮೆಲ್ಲಗೆ ಹೇಳಿದ: “ಅವರ ವಿದ್ಯೆ ತಪ್ಪಿಲ್ಲ. ಕಣ್ಣಿಗೆ ಪೊರೆ ಬಂದಿರಬೇಕು. ನಮ್ಮಮ್ಮನಿಗೂ ಹೀಗೇ ನೀಲಿ ಕಾಣ್ತಿರಲಿಲ್ಲ.”

ಅಪ್ಪ ಮೆಟ್ಟಿಲು ತಡವರಿಸುತ್ತಿದ್ದದ್ದು, ಕಾಫಿಯನ್ನು ಲೋಟದಾಚೆ ಸುರಿಯುತ್ತಿದ್ದದ್ದು ಒಂದೊಂದಾಗಿ ನೆನಪಾಯಿತು. ವಯಸ್ಸಾಯಿತು ಎಂದು ನಕ್ಕು ಸುಮ್ಮನಾಗಿದ್ದೆ.

“ವರದಿಯಲ್ಲಿ ಏನು ಬರೀತೀರಿ?”

“ಮೀನು ಮಾಮೂಲಿದು ಅಂತ. ಸುಳ್ಳು ಬರೆಯೋಕೆ ಆಗಲ್ಲ. ಆದ್ರೆ ಅದಕ್ಕೆ ಮುಂಚೆ ಅವರೇ ಗಿರಾಕಿಗೆ ಹೇಳಲಿ. ಬೇರೆಯವರು ಹೇಳಿದ್ರೆ ಮೋಸ ಅನ್ನಿಸುತ್ತೆ. ತಾವೇ ಹೇಳಿದ್ರೆ ತಪ್ಪು, ಅಷ್ಟೇ. ಕಣ್ಣಿನ ವಿಷಯ ನಿಮ್ಮ ತಂದೆಗೆ ನೀವು ತಿಳಿಸ್ತೀರಾ, ನಾನು ತಿಳಿಸ್ಲಾ?”

“ಇಬ್ಬರೂ ಹೋಗೋಣ,” ಎಂದೆ.

ನಾವು ಹೇಳಿದ್ದನ್ನು ಕೇಳಿ ಅಪ್ಪ ಇನ್ನೊಮ್ಮೆ ಗಾಜಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ಆಮೇಲೆ ಫೋನ್ ಎತ್ತಿಕೊಂಡರು. “ನನ್ನ ಕಣ್ಣು ಮಂಜಾಗಿದೆ ಸ್ವಾಮಿ. ತಪ್ಪು ಹೆಸರು ಹೇಳಿಬಿಟ್ಟೆ. ಕ್ಷಮಿಸಿ.” ಗಿರಾಕಿ ಆವತ್ತೇ ದೂರು ಹಿಂತೆಗೆದುಕೊಂಡರು, ಒಳ್ಳೆಯ ಕಣ್ಣಿನ ಡಾಕ್ಟರ ವಿಳಾಸವನ್ನೂ ಕೊಟ್ಟರು.

ಆಪರೇಷನ್ ದಿನ ಅವನು ರಜೆ ಹಾಕಿ ಆಸ್ಪತ್ರೆಗೆ ಬಂದ. ಆಮೇಲೆ ದಿನಾ ಸಂಜೆ ಕೆಲಸ ಮುಗಿಸಿ ಅಂಗಡಿಗೆ ಬರುತ್ತಿದ್ದ. ಹೊಸ ಮೀನುಗಳ ಹೆಸರು ತಪ್ಪಬಾರದಲ್ಲ. ರೆಕ್ಕೆಯ ಮುಳ್ಳುಗಳನ್ನು ಎಣಿಸುವುದು, ಕೆನ್ನೆಯ ಗೆರೆ ಓದುವುದು, ಬಾಲದ ತುದಿ ನೋಡುವುದು ಎಲ್ಲ ಹೇಳಿಕೊಟ್ಟ. ನಾನು ಬೇಕೆಂದೇ ಎರಡೆರಡು ಸಲ ತಪ್ಪು ಎಣಿಸುತ್ತಿದ್ದೆ.

ಆರು ವಾರ ಕಳೆದ ಮೇಲೆ ಅಪ್ಪ ಅಂಗಡಿಗೆ ಬಂದರು. ಒಂದೊಂದು ಟ್ಯಾಂಕಿನ ಮುಂದೆಯೂ ನಿಂತು, “ಇಷ್ಟು ನೀಲಿ ಇತ್ತಾ ಇದು,” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಕೊನೆಗೆ ನಮ್ಮತ್ತ ತಿರುಗಿದರು.

“ಪುಟ್ಟಿ, ಇವರು ವರದಿ ಕೊಟ್ಟು ಎಷ್ಟು ದಿನ ಆಯ್ತು?”

“ಎರಡು ತಿಂಗಳು.”

“ಮತ್ತೆ ಇನ್ನೂ ಯಾಕೆ ಬರ್ತಿದ್ದಾರೆ?”

“ಮೀನು...” ಎಂದ ಅವನು. ಕಿವಿ ಕೆಂಪಾಗಿತ್ತು.

“ಮೀನು ಅಲ್ಲಿದೆ. ನೀವು ನೋಡ್ತಿರೋದು ಇಲ್ಲಿ. ನನಗೀಗ ಕಣ್ಣು ಚೆನ್ನಾಗಿ ಕಾಣುತ್ತಪ್ಪಾ.” ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಒಂದು ಸುತ್ತು ನಡೆದು ಬರಲು ಹೊರಟರು.

ನೀರಿನ ಪಂಪುಗಳ ಗುಳುಗುಳು ಸದ್ದೊಂದೇ ಉಳಿಯಿತು.

“ನೀವು ಮಾಡಿದ್ದನ್ನ ಜನ್ಮದಲ್ಲಿ ಮರೆಯಲ್ಲ,” ಎಂದೆ.

“ಅದೇ ನನ್ನ ಭಯ. ಉಪಕಾರಕ್ಕೋಸ್ಕರ ನೀವು ಹೂಂ ಅನ್ನೋದು ಬೇಡ.”

“ಉಪಕಾರಕ್ಕೆ ಕೈ ಮುಗಿಯೋದು ಮೊದಲನೇ ವಾರಕ್ಕೇ ಮುಗೀತು. ಆಮೇಲೆ ಸಂಜೆ ಐದಾದ್ರೆ ಬಾಗಿಲು ನೋಡ್ತಾ ಕೂರ್ತಿದ್ದೆನಲ್ಲ, ಅದು ನನ್ನದು. ಅದಕ್ಕೆ ನೀವು ಕಾರಣ, ಅಪ್ಪನ ಕಣ್ಣಲ್ಲ.”

ಅವನು ಉಪ್ಪುನೀರಿಗೆ ಒರಟಾದ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. “ಹಾಗಾದ್ರೆ ನಾಳೆಯಿಂದ ನನ್ನನ್ನ ನೀನು ಅನ್ನು,” ಎಂದ.

“ನಾಳೆಯಿಂದ ಯಾಕೆ? ಕೂತ್ಕೋ,” ಎಂದೆ.

ಅಪ್ಪ ಮರಳಿ ಬಂದಾಗಲೂ ಅವನು ಕೈ ಬಿಟ್ಟಿರಲಿಲ್ಲ. ಅಪ್ಪ ನೋಡಿಯೂ ನೋಡದವರ ಹಾಗೆ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು.

“ಇನ್ನೂ ಸ್ವಲ್ಪ ದಿನ ನೀರು ಬರುತ್ತೆ ಅಂದಿದ್ರು ಡಾಕ್ಟ್ರು,” ಎಂದರು.

ನಾವಿಬ್ಬರೂ ಹೌದೆಂದೆವು.